ಕಾಡವ್ವ ಮಗಳನ್ನು ಶಾಲೆಗೆ ಸೇರಿಸಿದ್ದು

ಕಾಡವ್ವ ನಮ್ಮ ಓಣಿಯಲ್ಲಿ ಕೌದಿ ಹೊಲಿಯುವವಳು. ಮುರಗೋಡದ ಆಚೆಗಿನ ಈ ಸಣ್ಣ ಊರಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯಲ್ಲೇ ಮಲಗಿವೆ, ನನ್ನ ಮಗ ಮಧು ಕೂಡ. ಅವಳ ಮಗಳು ರಂಜನಾಳ ಬಲಗೈ ಹುಟ್ಟಿನಿಂದಲೇ ಮಡಚಿಕೊಂಡಿದೆ. ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿ, ಎಡಗೈಯಿಂದಲೇ ದಾರ ಪೋಣಿಸಿ ಅವ್ವನಿಗೆ ಕೊಡುತ್ತಾಳೆ.

ತೊಂಬತ್ತೆಂಟರ ಜೂನಿನಲ್ಲಿ ಕಾಡವ್ವ, ನಾನು ಇಬ್ಬರೂ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋದೆವು. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಹುಟ್ಟಿದ ತಾರೀಖು ಗೊತ್ತಿರುವುದಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಒಂದನೇ ಇಯತ್ತೆಗೆ ವಯಸ್ಸಾಯಿತೆಂದು ಲೆಕ್ಕ. ಮಧುವಿನ ಬೆರಳು ಎಟುಕಲಿಲ್ಲ. ನಮ್ಮ ಮಾವನವರ ಗುರುತಿದ್ದ ಹೆಡ್ ಮಾಸ್ತರರು ನಕ್ಕು, ತಾವೇ ಅವನ ತಲೆ ಬಾಗಿಸಿ ಮುಟ್ಟಿಸಿದರು.

ರಂಜನಾಳ ಬಲಗೈ ಭುಜಕ್ಕಿಂತ ಮೇಲೇಳಲಿಲ್ಲ.

“ಇದಕ್ಕ ಇಲ್ಲಿ ಆಗೂದಿಲ್ಲವಾ,” ಎಂದರು ಮಾಸ್ತರರು. “ಬೆಳಗಾವ್ಯಾಗ ಇಂಥಾ ಹುಡುಗೂರ ಸಾಲಿ ಇರತಾವು. ಅಲ್ಲಿ ಒಯ್ದು ಹಾಕು.”

“ಅಲ್ಲಿ ನಮಗ ಯಾರ ಅದಾರ್ರೀ ಸರ? ಇನ್ನೂ ನನ್ನ ಸೆರಗ ಹಿಡಕೊಂಡ ಮಲಗತೈತಿ ಕೂಸು.”

“ರೂಲ್ಸ್ ಅಂದ್ರ ರೂಲ್ಸ್.”

ಕಾಡವ್ವ ಮಗಳ ಎಡಗೈ ಎತ್ತಿಸಿದಳು. ಅದು ನೆತ್ತಿ ದಾಟಿ ಬಲಗಿವಿಯನ್ನು ಪೂರಾ ಮುಚ್ಚಿತು.

“ಬಲಗೈಲೆ ಮುಟ್ಟಬೇಕು.”

“ಯಾಕ್ರೀ? ಎಡಗೈಗೆ ವಯಸ್ಸು ಬ್ಯಾರೆ ಆಗತೈತೇನ್ರಿ?”

ಮಕ್ಕಳನ್ನು ಸೇರಿಸಲು ಬಂದು ಶಾಲೆಯ ಕಟ್ಟೆಯ ಮೇಲೆ ಕುಳಿತ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಾಸ್ತರರು ಸಿಡುಕಿದರು. “ನಾಳಿ ಸಾಲಿ ತಪಾಸಣಿಗೆ ಸಾಹೇಬ್ರು ಬಂದು ಕೇಳಿದ್ರ ಏನ ಹೇಳ್ಲಿ ನಾ?”

ನನಗೆ ಮೈಯೆಲ್ಲ ಉರಿಯಿತು. “ನನ್ನ ಮಗನ ತಲಿ ಬಾಗಿಸಿದ್ದನ್ನ ಏನಂತ ಹೇಳವ್ರು? ಆಕಿ ಹೆಸರ ಬರಿಯೂದಿಲ್ಲಂದ್ರ ಇವನ ಹೆಸರೂ ಹೊಡದ ಹಾಕ್ರಿ. ಸವದತ್ತಿಗೆ ಹೋಗಿ ಸಾಹೇಬ್ರಿಗೆ ನಾನ ಹೇಳತೇನಿ.”

ಮಾಸ್ತರರು ಪೆನ್ನಿನ ಟೋಪಿ ತಿರುವಿ ತೆಗೆದರು. ರಂಜನಾಳ ಹೆಸರನ್ನೂ ಬರೆದುಕೊಂಡರು. ನಮ್ಮ ಮುಖ ನೋಡಲಿಲ್ಲ.

ಹೊರಗೆ ಬಂದು, “ಆತಲ್ಲ, ಬಿಡವಾ,” ಎಂದೆ.

“ಏನ ಆತ್ರೀ ಅಕ್ಕಾರ?” ಎಂದಳು ಕಾಡವ್ವ. “ನಿಮ್ಮ ಹುಡುಗ ಸುಮ್ಮ ಒಳಗ ಹ್ವಾದ. ನನ್ನಾಕಿ ಒಳಗ ಹೋಗಾಕ ಇಷ್ಟ ಮಂದಿ ಮುಂದ ಕೈ ತೋರಸಬೇಕಾತು.”

ರಂಜನಾ ಈಗ ಮೂರನೇ ಇಯತ್ತೆ. ಹೊಸ ಮಾಸ್ತರರು ಬಂದಾಗಲೆಲ್ಲ ಬೆಳಗಾವಿಯ ಮಾತು ಮತ್ತೆ ಏಳುತ್ತದೆ, ಕಾಡವ್ವ ಕೆಲಸ ಬಿಟ್ಟು ಜಗಳಕ್ಕೆ ಹೋಗುತ್ತಾಳೆ. ನನ್ನ ಮಗನಿಗಾಗಿ ನಾನು ಒಮ್ಮೆಯೂ ಹೋಗಬೇಕಾಗಿಲ್ಲ.