ಉಟಗಿಯ ಕೋಚ್ ಆಯ್ಕೆ ಸಮಿತಿ

ತಾಲೂಕಿನ ಕಾಲೇಜು ಕಬಡ್ಡಿ ತಂಡಕ್ಕೆ ಹೊಸ ಕೋಚ್ ಯಾರಾಗಬೇಕೆಂದು ಕಾಲೇಜಿನವರು ಯೋಚಿಸುವ ಮೊದಲೇ ಉಟಗಿಯ ಅಮೋಘಸಿದ್ದಪ್ಪ ತೀರ್ಮಾನಿಸಿಬಿಟ್ಟಿರುತ್ತಾನೆ. ಮೂವತ್ತು ವರ್ಷ ಎಸ್‌ಟಿ ಬಸ್ಸಿನ ಕಂಡಕ್ಟರಾಗಿದ್ದ ಅವನು, ಬೇರೆ ಯಾರ ಹೆಸರು ಬಂದರೂ ಚಹಾದಂಗಡಿಯಲ್ಲಿ ತಾನು ಕೂತ ಬಾಕನ್ನು ಒಮ್ಮೆ ಕುಟ್ಟಿ, ‘ಇವನ್ನ ಇಲ್ಲೇ ಇಳಸ್ರಿ’ ಎನ್ನುತ್ತಾನೆ. ಒಬ್ಬನಿಗೆ ರೇಡ್ ಗೊತ್ತು, ಹಿಡಿತ ಗೊತ್ತಿಲ್ಲ. ಇನ್ನೊಬ್ಬನಿಗೆ ಎರಡೂ ಗೊತ್ತು, ಆದರೆ ಹೊಟ್ಟೆ ಬಂದಿದೆ. ರೇಡಿಗೆ ಬಂದವನನ್ನು ನಡುಗೆರೆ ಮುಟ್ಟಲು ಬಿಡದ ಆಟಗಾರನ ಹಾಗೆ, ಎದ್ದು ಹೊರಟವರ ಅಂಗಿ ಹಿಡಿದು ಕೂರಿಸುತ್ತಾನೆ. ಹೀಗಾಗಿ ಈಗ ಅವನನ್ನು ದೂರದಿಂದ ಕಂಡರೇ ಜನ ಸಿಕ್ಕ ಜೀಪು ಹತ್ತುತ್ತಾರೆ. ನಲವತ್ತು ವರ್ಷ ಎದುರಿಗೆ ಕೂತು, ಅವನು ಹೌದೆಂದದ್ದಕ್ಕೆಲ್ಲ ಅಲ್ಲವೆಂದವನು ದರ್ಜಿ ಶೌಕತ ಒಬ್ಬನೇ. ಶೌಕತ ಹೋದ ಬೇಸಿಗೆಯಲ್ಲಿ ತೀರಿಕೊಂಡ. ಅವನ ಮೊಬೈಲು ಈಗ ಮಗಳು ರುಬಿನಾಳ ಕೈಯಲ್ಲಿದೆ. ಅಮೋಘಸಿದ್ದಪ್ಪ ದಿನಾ ಮುಂಜಾನೆ ಅದೇ ನಂಬರಿಗೆ ಕೋಚಿನ ಹೆಸರೊಂದನ್ನು ಕಳಿಸುತ್ತಾನೆ. ಆಟ ತಿಳಿಯದ ಅವಳು ಮರ್ಯಾದೆಯಿಂದ, ‘ನೀವು ಅಂದದ್ದ ಖರೆ ಐತ್ರಿ, ಕಾಕಾ’ ಎಂದು ಬರೆಯುತ್ತಾಳೆ. ನಿನ್ನೆ ಅವನು ಆ ಉತ್ತರವನ್ನು ಬಹಳ ಹೊತ್ತು ನೋಡಿ, ಕಡೆಗೆ ಒಂದೊಂದೇ ಅಕ್ಷರ ಒತ್ತಿ ಬರೆದ: ‘ಖರೆ ಅನಬ್ಯಾಡ ನನ್ನವ್ವಾ. ನಿಮ್ಮಪ್ಪನ ಹಂಗ ಒಮ್ಮಿ ಜಗಳಾ ತಗಿ.’