ಮಿಲ್ಲಿಗೆ ಕೊಟ್ಟ ಕಿವಿ

ಸಿದ್ದಾಪುರದ ಅಕ್ಕಿ ಮಿಲ್ಲಿನಲ್ಲಿ ಮಷೀನು ನಡೆಸುವ ವಿರುಪಾಕ್ಷಿಗೆ ಊರಲ್ಲಿ ಎರಡು ಕಡೆ ಮರ್ಯಾದೆ. ಹಗಲು ಮಿಲ್ಲಿನಲ್ಲಿ, ಸೋಮವಾರ ಸಂಜೆ ಮಠದ ಭಜನೆಯಲ್ಲಿ. ಭಜನೆಯಲ್ಲಿ ಅವನು ಮುಂದೆ ಹಾಡಬೇಕು, ನಾವು ಹಿಂದೆ ಹೇಳಬೇಕು. ನಾನು ಹಾರ್ಮೋನಿಯಂ ಪೇಟಿ ಬಾರಿಸುವವನು, ಮದಾರಸಾಬ ತಾಳ ಹಾಕುವವನು. ವಿರುಪಾಕ್ಷಿ ಕಣ್ಣು ಮುಚ್ಚಿ ದನಿ ಎತ್ತಿದನೆಂದರೆ ಹೊರಗೆ ಬೀಡಿ ಸೇದುತ್ತ ನಿಂತವರೂ ಒಳಗೆ ಬಂದು ಕೂರುತ್ತಿದ್ದರು. ಹಾಡೊಂದಿದ್ದರೆ ಅವನಿಗೆ ಬೇರೇನೂ ಬೇಕಿರಲಿಲ್ಲ.

ಮಿಲ್ಲಿನಲ್ಲಿ ಅವನ ಕಸುಬೇ ಕೇಳುವುದು. ಬತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲು ಸವೆದದ್ದು, ಬೆಲ್ಟು ಸಡಿಲಾದದ್ದು ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಮಾಲೀಕ ಅಂದಪ್ಪನವರು ಒಮ್ಮೆ ಗಂಗಾವತಿಯಿಂದ, ಮಷೀನಿನ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ದಪ್ಪನೆಯ ಮುಚ್ಚಳ ತಂದುಕೊಟ್ಟರು.

"ಹಾಕ್ಕೋಪಾ. ಇದರ ಬೆಲಿ ವಯಸ್ಸಾದ ಮ್ಯಾಲ ಗೊತ್ತಾಗ್ತೈತಿ."

"ಕಿವಿ ಮುಚ್ಚಿಕೊಂಡ್ರ ಮಷೀನಿನ ಜಡ್ಡು ಯಾರು ಕೇಳಬೇಕ್ರಿ ಸಾವ್ಕಾರ್ರ?" ಎಂದ ಇವನು.

ಆಯುಧಪೂಜೆಯ ದಿನ ಪಾನಾ, ಸುತ್ತಿಗೆಗಳ ಜೊತೆ ಅದಕ್ಕೂ ವಿಭೂತಿ ಬಳಿದು, ಚೆಂಡು ಹೂ ಏರಿಸಿ, ಗೋಡೆಯ ಮೊಳೆಗೆ ತೂಗುಹಾಕಿದ. ದೇವರಾದ ಮೇಲೆ ಅದನ್ನು ಮುಟ್ಟುವವರು ಯಾರು? ವರ್ಷ ವರ್ಷವೂ ಪೂಜೆಯಾಯಿತು, ಒಂದು ದಿನವೂ ಕಿವಿಗೆ ಏರಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ಸೋಮವಾರ, ಹಾಡು ಅರ್ಧಕ್ಕೆ ನಿಲ್ಲಿಸಿ ಮದಾರಸಾಬನ ಮೇಲೆ ಹರಿಹಾಯ್ದ.

"ಏನಲೇ ಮದಾರ, ಕೈಯಾಗ ಕಸುವಿಲ್ಲೇನು? ತಾಳ ಹಾಕು!"

"ಹಾಕಾಕತ್ತೀನಲ್ಲೋ ಮಾರಾಯ! ಕೈ ಬ್ಯಾನಿ ಹತ್ತೈತಿ ನೋಡು," ಎಂದು ಮದಾರಸಾಬ ಇನ್ನೂ ಜೋರಾಗಿ ಬಡಿದು ತೋರಿಸಿದ. ಕಂಚಿನ ತಾಳಗಳು ಒಂದಕ್ಕೊಂದು ತಾಗುವುದು ವಿರುಪಾಕ್ಷಿಗೆ ಕಂಡಿತು, ಕೇಳಿಸಲಿಲ್ಲ. ಅವನ ಮುಖ ಇಳಿದುಹೋಯಿತು.

ಹೆಂಡತಿ ಹುಲಗಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಕಿವಿಗೆ ಬಿಟ್ಟು ನೋಡಿದಳು. ಏನೂ ಆಗಲಿಲ್ಲ. ಕೊನೆಗೆ ನಾನೇ ಅವನನ್ನು ಗಂಗಾವತಿಯ ಡಾಕ್ಟರ ಬಳಿಗೆ ಕರೆದೊಯ್ದೆ.

"ಮಷೀನಿನ ಸಪ್ಪಳಾ ಕೇಳಿ ಕೇಳಿ ಒಳಗಿನ ನರ ಸತ್ತಾವ್ರಿ," ಎಂದರು ಡಾಕ್ಟರು. "ಮೊದಲು ಸಣ್ಣ ದನಿ ಹೋಗ್ತಾವ, ಆಮ್ಯಾಲ ಉಳಿದದ್ದು. ಹೋದದ್ದು ತಿರುಗಿ ಬರೂದಿಲ್ಲ. ಇದ್ದದ್ದನ್ನರ ಕಾಯ್ಕೋರಿ."

ಅದನ್ನು ಅವನ ಕಿವಿಯಲ್ಲಿ ಕೂಗಿ ಹೇಳಿದೆ. "ಮೊದಲ ಯಾರರ ಹೇಳಿದ್ರ ಛಲೋ ಇತ್ತು," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಹೇಳಿದ್ರಲೋ! ಹೇಳಿದ್ದಕ್ಕ ವಿಭೂತಿ ಬಳದು ಗ್ವಾಡಿಗೆ ಏರಿಸಿದಿ!" ಎಂದೆ. ಕೇಳಿಸಿತೋ ಇಲ್ಲವೋ, ಬಸ್ಸಿನ ಕಡೆ ನಡೆದ. ಅವನ ಬೆನ್ನು ನೋಡಿ ನನಗೇ ಅಳು ಬಂತು.

ಕಿವಿಗೆ ಮಷೀನು ಹಾಕಿಸಿದ್ದೂ ಆಯಿತು. ಎದುರು ಕೂತವರ ಮಾತು ಒಂದಿಷ್ಟು ಹಿಡಿಯುತ್ತಿತ್ತು. ಭಜನೆಯಲ್ಲಿ ಮಾತ್ರ ಪೇಟಿ, ದಮ್ಮಡಿ, ಹತ್ತು ಜನರ ದನಿ ಎಲ್ಲ ಕಲಸಿ ಬರೀ ಗದ್ದಲ. ತೆಗೆದು ಜೇಬಿಗೆ ಹಾಕಿದ. ಗುಂಯ್ ಎನ್ನುವ ಸದ್ದೊಂದು ಮಾತ್ರ ಹಗಲೂ ರಾತ್ರಿ ಒಳಗೇ ಇತ್ತು. ಮಿಲ್ಲು ಬಂದ್ ಆದರೂ ಅವನ ಪಾಲಿಗೆ ಬಂದ್ ಆಗುತ್ತಿರಲಿಲ್ಲ.

ಆದರೂ ಹಾಡುವುದನ್ನು ಬಿಡಲಿಲ್ಲ. ಬಿಡು ಎನ್ನಲು ನಮಗೆ ಬಾಯಿ ಬರಲಿಲ್ಲ. ಶ್ರುತಿ ತಪ್ಪಿ ಅವನ ದನಿ ಎತ್ತ ಹೋದರೆ ನಾನು ಪೇಟಿಯಲ್ಲಿ ಅತ್ತ ಬೆನ್ನು ಹತ್ತುತ್ತಿದ್ದೆ. ಅವನು ಲಯ ಬಿಟ್ಟು ಓಡಿದರೆ ಮದಾರಸಾಬನ ತಾಳವೂ ಓಡುತ್ತಿತ್ತು. ಎಷ್ಟು ದಿನ ಮುಚ್ಚಿಡುವುದು?

ಕಳೆದ ಶ್ರಾವಣದ ಸೋಮವಾರ ಮಠ ತುಂಬಿತ್ತು. ವಿರುಪಾಕ್ಷಿ ಎಂದಿನಂತೆ ಕಣ್ಣು ಮುಚ್ಚಿ ಹಾಡುತ್ತಿದ್ದ. ಪದ ಮುಗಿಯಿತು, ತಾಳ ನಿಂತಿತು, ನಾನು ಪೇಟಿ ಮುಚ್ಚಿದೆ, ಜನ ಮಂಗಳಾರತಿಗೆ ಎದ್ದು ನಿಂತರು. ಅವನು ಪಲ್ಲವಿಯನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಲೇ ಇದ್ದ. ಜೊತೆಗೆ ಯಾರೂ ಇಲ್ಲದ ಆ ದನಿ ಹಾಡಾಗಿರಲಿಲ್ಲ, ಒದರಾಟವಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇನ್ನಷ್ಟು ಜನ. ಮಠದ ಪೂಜೆಯ ಅಯ್ಯನವರು ಆರತಿ ಹಿಡಿದು ನಿಂತೇ ಇದ್ದರು. ಅವನನ್ನು ಮುಟ್ಟಿ ನಿಲ್ಲಿಸಲು ನಮ್ಮಲ್ಲಿ ಯಾರ ಕೈಯೂ ಏಳಲಿಲ್ಲ.

ಹೆಂಗಸರ ಸಾಲಿನಿಂದ ಹುಲಗಮ್ಮ ಎದ್ದು ಬಂದಳು. ಅಷ್ಟು ಜನರ ನಡುವೆ ಗಂಡನ ಬಾಯಿಯ ಮೇಲೆ ಅಂಗೈ ಇಟ್ಟಳು. ವಿರುಪಾಕ್ಷಿ ಕಣ್ಣು ತೆರೆದ. ಎದ್ದು ನಿಂತವರನ್ನೂ ಮುಚ್ಚಿದ ಪೇಟಿಯನ್ನೂ ನೋಡಿದ.

"ಭಾಳ ಹೊತ್ತಾತೇನು ಮುಗದು?" ಎಂದು ಅವಳ ಬೆರಳುಗಳ ಒಳಗಿಂದಲೇ ಕೇಳಿದ.

ಹೌದೆಂದು ತಲೆಯಾಡಿಸಿ ಅವಳು ಕೈ ತೆಗೆದಳು. ಆಮೇಲೆ ಅವನು ಹಾಡಿಲ್ಲ.