ಮರದ ಗುಬ್ಬಿಗೆ ತಾಮ್ರದ ಅಂಗಿ

ಲೋಹದ ಸಾಮಾನಿಗೆ ಬೇರೆ ಲೋಹದ ಲೇಪ ಕೊಡುವ ಗಿಲೀಟು ಅಂಗಡಿಯ ಸೊಸೆಯನ್ನು ಬೀದಿಯವರೆಲ್ಲ ಬಲ್ಬಕ್ಕ ಎನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳದು ನಲ್ಲಿ, ಬೀಗಗಳ ಜಿಡ್ಡು ತಿಕ್ಕಿ ಕೊಡುವ ಕೆಲಸವಷ್ಟೇ. ಕರೆಂಟಿನ ತಂತಿ ಕಟ್ಟಿ ತೊಟ್ಟಿಯ ನೀಲಿ ದ್ರಾವಣಕ್ಕೆ ಇಳಿಬಿಟ್ಟ ಹಿತ್ತಾಳೆ ಬೀಗ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಂಡಿದ್ದೇ ತಡ, ಅವಳಿಗೆ ಪ್ರಶ್ನೆಗಳ ಹುಚ್ಚು ಹಿಡಿಯಿತು. ಮಾವ ಬಾಯಿಬಿಟ್ಟು ಹೇಳಿಕೊಡುವ ಪೈಕಿಯಲ್ಲ. ಅವಳೇ ಮೂರು ಬ್ಯಾಟರಿ, ಟಾರ್ಚಿನ ಬಲ್ಬು, ಎರಡು ತಂತಿ ಜೋಡಿಸಿಕೊಂಡು ಅಡುಗೆಮನೆಯನ್ನೆಲ್ಲ ಜಾಲಾಡಿದಳು. ಚಮಚಕ್ಕೆ ಮುಟ್ಟಿಸಿದರೆ ಬಲ್ಬು ಉರಿಯಿತು, ಬಾಚಣಿಗೆಗೆ ಇಲ್ಲ. ಸಕ್ಕರೆ ನೀರು ಜಪ್ಪಯ್ಯ ಎನ್ನಲಿಲ್ಲ. ಉಪ್ಪುನೀರಿನಲ್ಲಿ ಮಾತ್ರ ಬಲ್ಬು ಮಂಕಾಗಿ ಕಣ್ಣುಬಿಟ್ಟು, ತಂತಿಯ ತುದಿಯಲ್ಲಿ ಗುಳ್ಳೆಗಳೆದ್ದವು.

ವರ್ಷಗಳು ಕಳೆದು, ಮಗಳು ಶಾಲೆಗೆ ಹೋಗುವಂತಾದ ಮೇಲೆ ಒಂದು ಬೆಳಿಗ್ಗೆ ಮುದಿ ಬಡಗಿಯೊಬ್ಬ ಕರವಸ್ತ್ರದಲ್ಲಿ ಮರದ ಗುಬ್ಬಿಯೊಂದನ್ನು ಸುತ್ತಿ ತಂದ. ಹತ್ತು ವರ್ಷದವನಿದ್ದಾಗ ಅವನು ಕೆತ್ತಿದ ಮೊದಲ ಗೊಂಬೆ ಅದು.

"ಬಾಲ ಗೆದ್ದಲಿನ ಪಾಲಾಯ್ತು ತಂಗಿ. ಉಳಿದದ್ದಕ್ಕಾದ್ರೂ ತಾಮ್ರದ ಅಂಗಿ ತೊಡಿಸು."

ಮಾವ ನಕ್ಕುಬಿಟ್ಟರು. ಮರದಲ್ಲಿ ಕರೆಂಟು ಹರಿಯುವುದಿಲ್ಲ, ಕರೆಂಟು ಹರಿಯದ ಕಡೆ ತಾಮ್ರ ಕೂರುವುದಿಲ್ಲ ಎಂದು ತಿಳಿಹೇಳಿದರು. ಬಡಗಿಯ ಮುಖ ಬಾಡಿದ್ದನ್ನು ನೋಡಲಾರದೆ ಸೊಸೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದುಬಿಟ್ಟಳು.

ಮಾತು ಕೊಟ್ಟಿದ್ದಾಯಿತು, ದಾರಿ ಗೊತ್ತಿಲ್ಲ. ಅಂದು ಸಂಜೆ ಮಗಳು ಪೆನ್ಸಿಲ್ಲಿನಿಂದ ಹಾಳೆಯ ಮೇಲೆ ಕಪ್ಪಗೆ ತೀಡುತ್ತಿದ್ದಳು. ಇದನ್ನೊಂದು ಪರೀಕ್ಷಿಸಿರಲಿಲ್ಲವಲ್ಲ ಎಂದು ಬಲ್ಬಕ್ಕ ಪೆನ್ಸಿಲ್ಲಿನ ಎರಡೂ ತುದಿ ಹೆರೆದು, ಒಳಗಿನ ಕಡ್ಡಿಗೆ ತಂತಿ ಮುಟ್ಟಿಸಿದಳು. ಬಲ್ಬು ಉರಿಯಿತು.

ಗುಬ್ಬಿ ನೀರು ಹೀರದಂತೆ ವಾರ್ನಿಷು ಬಳಿದು, ಅದು ಅಂಟಂಟಾಗಿರುವಾಗಲೇ ಪೆನ್ಸಿಲ್ ಕಡ್ಡಿ ಅರೆದ ಪುಡಿಯನ್ನು ಬ್ರಷ್ಷಿನಿಂದ ಗರಿಗಳ ಸಂದುಸಂದಿಗೂ ತಿಕ್ಕಿದಳು. ಗುಬ್ಬಿ ಕಾಗೆಯಾಯಿತು. ಮರುದಿನ ಬೆಳಿಗ್ಗೆ ಅದರ ಕೊರಳಿಗೆ ತಂತಿ ಸುತ್ತಿ ತೊಟ್ಟಿಗೆ ಬಿಟ್ಟರೆ ಬಾತುಕೋಳಿಯಂತೆ ತೇಲಿತು. ಮಾವನ ನಗುವಿಗೆ ಕಿವಿಗೊಡದೆ, ಗಾಜಿನ ಬಿರಡೆಯೊಂದನ್ನು ಭಾರಕ್ಕೆ ಕಟ್ಟಿ ಮುಳುಗಿಸಿದಳು.

ಬಹಳ ಹೊತ್ತು ಏನೂ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ತಂತಿ ತಾಗಿದ ಕತ್ತಿನ ಬಳಿ ಸಾಸಿವೆಯಷ್ಟು ಕೆಂಪು ಮೂಡಿತು. ಅದು ಮೆಲ್ಲಮೆಲ್ಲಗೆ ಎದೆಗೆ, ರೆಕ್ಕೆಗೆ ಹಬ್ಬತೊಡಗಿತು. ಮಾವ ಊಟವನ್ನು ಅರ್ಧಕ್ಕೇ ಬಿಟ್ಟು ಬಂದು ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು, ಸಂಜೆಯವರೆಗೂ ಏಳಲಿಲ್ಲ.

ಬಡಗಿ ಒಂದು ದಿನ ಮುಂಚೆಯೇ ಬಂದ. ತಾಮ್ರದ ಗುಬ್ಬಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದ.

"ಉಳಿ ಜಾರಿದ ಗೆರೇನೂ ಹಾಗೇ ಇದೆಯಲ್ಲ ತಂಗಿ" ಎಂದು ಮಗುವಿನಂತೆ ನಕ್ಕ.

ಅವನು ಹೋದ ಮೇಲೆ ಮಾವ ಸುಮ್ಮನೆ ಒಂದೆರಡು ಬೀಗ ಎತ್ತಿಟ್ಟರು. "ಆ ಪುಡಿ ತಿಕ್ಕೋದು ಹೇಗಮ್ಮಾ, ನನಗೂ ಒಂದ್ಸಲ ತೋರಿಸು" ಎಂದರು.

ಅವಳು ಬ್ರಷ್ಷನ್ನು ಅವರ ಕೈಗಿತ್ತು, ಪಕ್ಕದಲ್ಲಿ ಕೂತು, ಬಿಡಿಸಿ ಬಿಡಿಸಿ ಹೇಳತೊಡಗಿದಳು.